ರೇಡಿಯೋ ರಿಪೇರಿಯ ಲಿಯೋ ಫೆಂಡರ್

ನನ್ನ ಸೋದರಳಿಯನೊಬ್ಬ ಬೆಂಗಳೂರಿನಲ್ಲಿ ಗಿಟಾರ್ ನುಡಿಸುತ್ತಾನೆ. ವಾರದ ಐದು ದಿನ ಕಚೇರಿಯ ಕೆಲಸ. ಉಳಿದೆರಡು ದಿನ ಗೆಳೆಯರೊಡನೆ ವೇದಿಕೆಯ ಮೇಲೆ. ಕಳೆದ ವರ್ಷ ದಸರೆಯ ಹೊತ್ತಿಗೆ ಅವನು ಮನೆಗೆ ಬಂದಾಗ ನನ್ನ ಮುಂದೆ ಒಂದು ಪ್ರಶ್ನೆಯನ್ನಿಟ್ಟ. ವೇದಿಕೆಗೆಂದು ತಾನೊಂದು ಸ್ವಂತ ಆಂಪ್ಲಿಫೈಯರ್ ಕೊಳ್ಳಬೇಕೆಂದಿರುವುದಾಗಿಯೂ, ವಾಲ್ವಿನದನ್ನು ಕೊಳ್ಳುವುದೋ ಟ್ರಾನ್ಸಿಸ್ಟರಿನದನ್ನು ಕೊಳ್ಳುವುದೋ ತಿಳಿಯದೆ ಮೂರು ತಿಂಗಳಿಂದ ತೊಳಲಾಡುತ್ತಿರುವುದಾಗಿಯೂ ಹೇಳಿದ. ಅವನ ಗೆಳೆಯರಲ್ಲಿ ಎರಡು ಪಂಗಡಗಳಂತೆ. ಒಂದು ಪಂಗಡದವರಿಗೆ ವಾಲ್ವಿಲ್ಲದ ಆಂಪ್ಲಿಫೈಯರ್ ಆಂಪ್ಲಿಫೈಯರೇ ಅಲ್ಲ. ಇನ್ನೊಂದು ಪಂಗಡದವರಿಗೆ ವಾಲ್ವು ಅಜ್ಜನ ಕಾಲದ ಗಾಜಿನ ಬುರುಡೆ. ನಾನು ರೇಡಿಯೋ ರಿಪೇರಿಯವರ ಮಗನಾದ್ದರಿಂದ ಈ ವ್ಯಾಜ್ಯಕ್ಕೆ ತೀರ್ಪು ಹೇಳಬಲ್ಲೆನೆಂದು ಅವನ ನಂಬಿಕೆ.

ತೀರ್ಪು ಹೇಳುವುದಿರಲಿ, ಆ ಮಾತು ಕಿವಿಗೆ ಬಿದ್ದೊಡನೆ ಐವತ್ತು ವರ್ಷಗಳ ಹಿಂದಿನ ಒಂದು ರಾತ್ರಿ ನೆನಪಾಗಿ ನನ್ನ ಬಾಯಿ ಕಟ್ಟಿಹೋಯಿತು. ಅದನ್ನು ಮೊದಲು ವಾಚಕರಿಗೆ ನಿವೇದಿಸಿಬಿಡುತ್ತೇನೆ. ಆಮೇಲೆ, ಇದೇ ಪ್ರಶ್ನೆಯನ್ನು ತಮ್ಮ ಬಾಳಿನಲ್ಲಿ ಎದುರಿಸಿ, ಬಾಳಿನಲ್ಲಿಯೇ ಉತ್ತರವನ್ನೂ ಕೊಟ್ಟುಹೋದ ಲಿಯೋ ಫೆಂಡರ್ ಎಂಬ ಅಮೆರಿಕದ ಕುಶಲಕರ್ಮಿಯ ಚರಿತ್ರೆ.

ನಮ್ಮ ತಂದೆಯವರಿಗೆ ತಿಪಟೂರಿನಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿಯಿತ್ತು. ಹತ್ತಡಿ ಅಗಲದ ಕೋಣೆ. ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿಟ್ಟ ರೇಡಿಯೋಗಳು. ಮೇಜಿನ ಮೇಲೆ ಬೆಸುಗೆಯ ಕಡ್ಡಿ. ಸಂಜೆ ದೀಪ ಹಚ್ಚುವ ಹೊತ್ತಿಗೆ, ರಿಪೇರಿಯಾದ ರೇಡಿಯೋದ ಹಿಂಬದಿಯ ರಟ್ಟನ್ನು ತೆಗೆದಿಟ್ಟು, ಒಳಗೆ ವಾಲ್ವುಗಳು ಮೆಲ್ಲಗೆ ಕೆಂಪೇರುವುದನ್ನು ನೋಡುತ್ತ ಕೂರುವುದು ನನ್ನ ಬಾಲ್ಯದ ದೊಡ್ಡ ಸುಖವಾಗಿತ್ತು. 1966ರ ಗಣೇಶೋತ್ಸವದಲ್ಲಿ ಊರಿಗೆ ಬಂದ ಆರ್ಕೆಸ್ಟ್ರಾ ಒಂದರ ಗಿಟಾರಿನ ಆಂಪ್ಲಿಫೈಯರ್ ಹಾಡಿನ ನಡುವೆಯೇ ಮೂಕವಾಯಿತು. ಜನ ಸಿಳ್ಳು ಹಾಕತೊಡಗಿದರು. ತಂದೆಯವರು ವೇದಿಕೆಯ ಹಿಂದಕ್ಕೆ ಹೋಗಿ, ಪೆಟ್ಟಿಗೆಯ ಬೆನ್ನು ತೆರೆದು, ಸಾಲಿನಲ್ಲಿ ಒಂದು ವಾಲ್ವು ಮಾತ್ರ ಕಪ್ಪಗಿರುವುದನ್ನು ಕಂಡರು. ನನ್ನನ್ನು ಅಂಗಡಿಗೆ ಓಡಿಸಿ ಹೊಸದೊಂದನ್ನು ತರಿಸಿ ಸಿಕ್ಕಿಸಿದರು. ಹತ್ತು ನಿಮಿಷದೊಳಗೆ ಗಿಟಾರು ಮತ್ತೆ ನುಡಿಯಿತು. ನನ್ನ ತಂದೆಗಿಂತ ದೊಡ್ಡವರು ಈ ಲೋಕದಲ್ಲಿ ಇನ್ನಿಲ್ಲವೆಂದು ಆ ರಾತ್ರಿ ನನಗೆ ತೋರಿತು.

ಎಂಟು ವರ್ಷಗಳ ಮೇಲೆ ಅದೇ ಚಪ್ಪರದಲ್ಲಿ ಬೇರೊಂದು ತಂಡದ ಆಂಪ್ಲಿಫೈಯರ್ ಹಾಗೆಯೇ ನಿಂತಿತು. ಈ ಸಲವೂ ಜನ ತಂದೆಯವರನ್ನೇ ಕರೆದರು. ಅವರು ಬೆನ್ನು ತೆರೆದರು. ಒಳಗೆ ಬೆಳಕಿರಲಿಲ್ಲ, ಗಾಜೂ ಇರಲಿಲ್ಲ. ಹಲಗೆಯ ಮೇಲೆ ಸಣ್ಣ ಸಣ್ಣ ಲೋಹದ ಟೋಪಿಗಳು ಮಾತ್ರ ಸಾಲಾಗಿ ಕುಳಿತಿದ್ದವು. ಯಾವುದು ಸತ್ತಿದೆ, ಯಾವುದು ಬದುಕಿದೆ ಎಂದು ಹೇಳುವ ಗುರುತು ಯಾವುದೂ ಅವರ ಕಣ್ಣಿಗೆ ಕಾಣಲಿಲ್ಲ. ಮತ್ತೆ ಮುಚ್ಚಳ ಹಾಕಿ, ಯಾರೊಡನೆಯೂ ಮಾತನಾಡದೆ ಮೆಟ್ಟಿಲಿಳಿದು ಬಂದರು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1960ರ ದಶಕದ ಮೊದಲ ವರ್ಷಗಳಲ್ಲಿಯೇ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತ್ತು. ಒಂದೇ ತಾಯಿಯ ಆ ಎರಡು ಮಕ್ಕಳಲ್ಲಿ ನಮ್ಮ ತಂದೆಯವರು ಹಿರಿಯನನ್ನು ಮಾತ್ರ ಮನೆಗೆ ಸೇರಿಸಿದರು. ಟ್ರಾನ್ಸಿಸ್ಟರಿಗೆ ಜೀವವಿಲ್ಲ ಎಂಬುದು ಅವರ ಕೊನೆಯ ಮಾತು. 1978ರಲ್ಲಿ ಅಂಗಡಿಯ ಬಾಗಿಲು ಮುಚ್ಚಿತು. ಅವರದು ನಿಷ್ಠೆಯೋ ಹಠವೋ ಎಂಬ ಪ್ರಶ್ನೆ ಅಂದಿನಿಂದ ನನ್ನೊಳಗೆ ಉಳಿದುಬಿಟ್ಟಿದೆ. ಫೆಂಡರರ ಚರಿತ್ರೆಯನ್ನು ನಾನು ಹುಡುಕಿ ಓದಿದ್ದಕ್ಕೆ ಕಾರಣವೂ ಇದೇ. ಅವರೂ ಮೊದಲಿಗೆ ಚಿಕ್ಕ ಊರಿನ ರೇಡಿಯೋ ರಿಪೇರಿಯವರು.

ಕ್ಲಾರೆನ್ಸ್ ಲಿಯೋನಿಡಸ್ ಫೆಂಡರರು 1909ರ ಆಗಸ್ಟ್ 10ರಂದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಅನಾಹೈಮ್ ಮತ್ತು ಫುಲ್ಲರ್ಟನ್ ಎಂಬ ಊರುಗಳ ನಡುವೆ, ಕಿತ್ತಳೆ ಬೆಳೆಯುವ ಒಕ್ಕಲಿನ ಮನೆಯಲ್ಲಿ ಹುಟ್ಟಿದರು. ಎಂಟನೆಯ ವಯಸ್ಸಿನಲ್ಲಿ ಗೆಡ್ಡೆಯ ಕಾರಣದಿಂದ ಎಡಗಣ್ಣು ಹೋಯಿತು. ಮುಂದೆ ಬಾಳೆಲ್ಲ ಅಲ್ಲಿ ಗಾಜಿನ ಕಣ್ಣು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ, ಮೋಟಾರುಗಳ ವಿದ್ಯುತ್ ಕೆಲಸದ ಅಂಗಡಿಯಿಟ್ಟಿದ್ದ ಬಂಧುವೊಬ್ಬರು ಹುಡುಗನಿಗೆ ಒಂದು ಪೆಟ್ಟಿಗೆಯ ತುಂಬ ಹಳೆಯ ಬಿಡಿಭಾಗಗಳನ್ನು ಕಳಿಸಿಕೊಟ್ಟರು. ಮರುವರ್ಷ ಸಾಂತಾ ಮರಿಯಾ ಎಂಬ ಊರಿನಲ್ಲಿದ್ದ ಆ ಅಂಗಡಿಗೆ ಹೋದಾಗ, ಆತ ಬಿಡಿಭಾಗಗಳಿಂದಲೇ ಕಟ್ಟಿ ಅಂಗಡಿಯ ಮುಂದಿಟ್ಟಿದ್ದ ರೇಡಿಯೋದ ದೊಡ್ಡ ದನಿ ಬೀದಿಗೆಲ್ಲ ಕೇಳುತ್ತಿತ್ತು. ಆ ದನಿ ಹುಡುಗನ ಕಿವಿಯಲ್ಲಿ ಕುಳಿತುಬಿಟ್ಟಿತು. ಸಂಗೀತದ ಪಾಠವೂ ಆಗಿತ್ತು. ಮೊದಲು ಪಿಯಾನೋ, ಆಮೇಲೆ ಸ್ಯಾಕ್ಸೋಫೋನ್. ಆದರೆ ಮುಂದೆ ಯಾವ ವಾದ್ಯದ ಹೆಸರಿನೊಡನೆ ಅವರ ಹೆಸರು ಬೆಸೆದುಹೋಯಿತೋ ಆ ಗಿಟಾರನ್ನು ಅವರು ಎಂದೂ ಕಲಿಯಲಿಲ್ಲ. ಗಿಟಾರಿನ ಈ ಮಹಾಶಿಲ್ಪಿಗೆ ಗಿಟಾರ್ ನುಡಿಸಲು ಬಾರದು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಅವರ ಗುಣವೆಲ್ಲ ಆ ಕೊರತೆಯಿಂದಲೇ ಬಂದಿತೆಂದು ನನಗೆ ತೋರುತ್ತದೆ.

ಕಾಲೇಜಿನಲ್ಲಿ ಅವರು ಓದಿದ್ದು ಲೆಕ್ಕಪತ್ರದ ವಿದ್ಯೆ. ರೇಡಿಯೋ ಅವರಿಗೆ ಕೈಯಿಂದ ಬಂದದ್ದೇ ಹೊರತು ಪುಸ್ತಕದಿಂದ ಬಂದದ್ದಲ್ಲ. ಮಂಜುಗಡ್ಡೆಯ ಕಂಪನಿಯೊಂದರಲ್ಲಿ ಸರಕು ಸಾಗಿಸುವ ಕೆಲಸ, ಆಮೇಲೆ ಅಲ್ಲಿಯೇ ಲೆಕ್ಕ ಬರೆಯುವ ಕೆಲಸ, ಅನಂತರ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಗುಮಾಸ್ತೆ. 1934ರಲ್ಲಿ ಎಸ್ತರ್ ಎಂಬಾಕೆಯೊಡನೆ ವಿವಾಹವಾಯಿತು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಇಲಾಖೆಯ ಕೆಲಸವೂ ಹೋಯಿತು. ಮುಂದೆ ಸಿಕ್ಕಿದ ಟೈರು ಕಂಪನಿಯ ಕೆಲಸವೂ ಆರು ತಿಂಗಳಲ್ಲಿ ಹೋಯಿತು. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಬರಿಗೈಯಾದ ಮನುಷ್ಯ 1938ರಲ್ಲಿ 600 ಡಾಲರ್ ಸಾಲ ತಂದು ಫುಲ್ಲರ್ಟನ್ನಿನಲ್ಲಿ ರೇಡಿಯೋ ರಿಪೇರಿಯ ಅಂಗಡಿ ತೆರೆದರು. ನೌಕರಿ ಕೈಬಿಟ್ಟದ್ದೇ ಲೋಕದ ಪಾಲಿಗೆ ಲಾಭವಾದ ಉದಾಹರಣೆಗಳಲ್ಲಿ ಇದೂ ಒಂದು.

ಆ ಅಂಗಡಿಗೆ ರೇಡಿಯೋಗಳೊಡನೆ ಸಂಗೀತಗಾರರೂ ಬರತೊಡಗಿದರು. ಕುಣಿತದ ಸಭಾಂಗಣಗಳು ದೊಡ್ಡವಾಗುತ್ತಿದ್ದವು. ಗಿಟಾರಿನ ಕ್ಷೀಣವಾದ ದನಿ ಡೋಲು ತುತ್ತೂರಿಗಳ ನಡುವೆ ಮುಳುಗಿಹೋಗುತ್ತಿತ್ತು. ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸಿ, ಆ ಬಡಕಲು ವಿದ್ಯುತ್ತಿಗೆ ಬಲ ತುಂಬಿ, ಸ್ಪೀಕರಿನಿಂದ ಮತ್ತೆ ನಾದವಾಗಿ ಹೊರಡಿಸುವ ಆಂಪ್ಲಿಫೈಯರನ್ನು ಅವರು ಬೇಡುತ್ತಿದ್ದರು. ಬಲ ತುಂಬುವ ಈ ಕೆಲಸಕ್ಕೆ ಆಗ ಇದ್ದ ಸಾಧನ ಒಂದೇ, ನಾವು ವಾಲ್ವು ಎಂದೂ ಅಮೆರಿಕದವರು ಟ್ಯೂಬ್ ಎಂದೂ ಕರೆಯುವ ಗಾಳಿ ತೆಗೆದ ಗಾಜಿನ ಕೊಳವೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗರು ಅದರ ಮೊದಲ ರೂಪವನ್ನು ಮಾಡಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟರು ಅದರ ನಡುವೆ ಸಣ್ಣ ತಂತಿಯ ಜಾಲರಿಯೊಂದನ್ನು ಸೇರಿಸಿದರು. ಕಾದ ಲೋಹದಿಂದ ಹೊರಟ ಎಲೆಕ್ಟ್ರಾನುಗಳು ಎದುರಿನ ತಟ್ಟೆಯ ಕಡೆಗೆ ಹರಿಯುತ್ತವೆ. ನಡುವಿನ ಜಾಲರಿಯ ಮೇಲೆ ಬಿದ್ದ ಸಣ್ಣ ವಿದ್ಯುತ್ತು ಆ ದೊಡ್ಡ ಹರಿವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಕಾಲುವೆಯ ತೂಬನ್ನು ಮಗುವೊಂದು ಬೆರಳಿನಿಂದ ಆಡಿಸಿದಂತೆ.

ಯುದ್ಧಕಾಲದಲ್ಲಿ ಫೆಂಡರರು ಡಾಕ್ ಕಾಫ್‌ಮನ್ ಎಂಬ ವಾದಕರೊಡನೆ ಸೇರಿ, ತೊಡೆಯ ಮೇಲಿಟ್ಟು ನುಡಿಸುವ ಹವಾಯಿ ಗಿಟಾರನ್ನೂ ಅದಕ್ಕೊಂದು ಪುಟ್ಟ ಆಂಪ್ಲಿಫೈಯರನ್ನೂ ಜೋಡಿಯಾಗಿ ಮಾಡಿ ಮಾರಿದರು. 1946ರಲ್ಲಿ ಕಾಫ್‌ಮನ್ನರು ಬಿಟ್ಟುಹೋದ ಮೇಲೆ ಕಂಪನಿಗೆ ಫೆಂಡರರ ಹೆಸರೇ ಬಂದಿತು. ಅಲ್ಲಿಂದ ಮುಂದಿನ ಹದಿನೆಂಟು ವರ್ಷ ಆ ಕಾರ್ಖಾನೆಯಿಂದ ಹೊರಬಂದ ವಸ್ತುಗಳ ಪಟ್ಟಿಯೇ ಆ ಕಾಲದ ಜನಪ್ರಿಯ ಸಂಗೀತದ ಚರಿತ್ರೆ. 1951ರಲ್ಲಿ ಟೆಲಿಕಾಸ್ಟರ್ ಎಂಬ ಹೆಸರು ಪಡೆದ ಇಡೀಮರದ ಗಿಟಾರು, ಅದೇ ವರ್ಷ ವಿದ್ಯುತ್ ಬೇಸ್ ಗಿಟಾರು, ಅದರ ಬೆನ್ನಿಗೇ ಬೇಸ್‌ಮನ್ ಎಂಬ ಆಂಪ್ಲಿಫೈಯರ್, 1954ರಲ್ಲಿ ಸ್ಟ್ರಾಟೋಕಾಸ್ಟರ್, 1963ರಲ್ಲಿ ಟ್ವಿನ್ ರಿವರ್ಬ್. ಗಿಟಾರುಗಳ ಕೀರ್ತಿ ಹೆಚ್ಚು ಹಬ್ಬಿತೆಂಬುದು ನಿಜ. ಆದರೆ ಬಲ್ಲವರು ಅವರನ್ನು ಮೊದಲು ಆಂಪ್ಲಿಫೈಯರಿನ ಮನುಷ್ಯರೆಂದೇ ಎಣಿಸುತ್ತಾರೆ.

ಆ ಆಂಪ್ಲಿಫೈಯರುಗಳ ಒಳಗನ್ನು ನೋಡಿದವರಿಗೆ ಅವು ರಿಪೇರಿಯವರ ಕೈಕೆಲಸವೆಂಬುದು ತಿಳಿಯದೆ ಹೋಗದು. ಬಿಡಿಭಾಗಗಳು ಗೋಜಲಾಗಿರದೆ ಹಲಗೆಯೊಂದರ ಮೇಲೆ ಸಾಲಾಗಿವೆ. ಯಾವ ವಾಲ್ವು ಎಲ್ಲಿ ಕೂರಬೇಕೆಂಬ ಚೀಟಿಯನ್ನು ಪೆಟ್ಟಿಗೆಯ ಒಳಗೋಡೆಗೇ ಅಂಟಿಸಿದೆ. ಕಾರ್ಖಾನೆಯಿಂದ ಸಾವಿರ ಮೈಲಿ ದೂರದ ಊರಿನಲ್ಲಿ, ಕಾರ್ಯಕ್ರಮದ ನಡುವೆ ಪೆಟ್ಟಿಗೆ ಕೆಟ್ಟರೆ, ಆ ಊರಿನ ರೇಡಿಯೋ ರಿಪೇರಿಯವನು ಅದನ್ನು ಬಿಚ್ಚಿ ಸರಿಪಡಿಸುವಂತಿರಬೇಕು. ಇದು ಅವರ ಹಂಚಿಕೆ. ಇದನ್ನು ಓದಿದಾಗ ನನಗೆ ಗಣಪತಿಯ ಚಪ್ಪರದ ಹಿಂದೆ ಬಾಗಿ ನಿಂತಿದ್ದ ತಂದೆಯವರು ಕಣ್ಣಿಗೆ ಕಟ್ಟಿದರು. ಆ ಪೆಟ್ಟಿಗೆ ಯಾರದೋ ನಾನರಿಯೆ. ಆದರೆ ಅಂಥವರಿಗಾಗಿಯೇ ಫೆಂಡರರು ಯೋಚಿಸಿದ್ದರು.

ತಮಗೆ ನುಡಿಸಲು ಬಾರದ್ದರಿಂದ ಅವರು ನುಡಿಸುವವರ ಮಾತಿಗೆ ಕಿವಿಗೊಟ್ಟರು. ಹೊಸ ಪೆಟ್ಟಿಗೆಯಾದೊಡನೆ ಅದನ್ನು ಸುತ್ತಲಿನ ವಾದಕರ ಕೈಗಿಟ್ಟು, ಸಭೆಗಳಲ್ಲಿ ನುಡಿಸಿ ಬರಲು ಹೇಳಿ, ಅವರು ತಂದ ದೂರುಗಳನ್ನು ಕೇಳಿ ತಿದ್ದುವುದು ಅವರ ಕ್ರಮ. ಡಿಕ್ ಡೇಲ್ ಎಂಬ ತರುಣ ವಾದಕ ಬಾಲ್ಬೋವಾ ಎಂಬ ಕಡಲೂರಿನ ದೊಡ್ಡ ಸಭಾಂಗಣದಲ್ಲಿ ಸಾವಿರಾರು ಮಂದಿಯ ಮುಂದೆ ನುಡಿಸುತ್ತಿದ್ದ. ಕೊಟ್ಟ ಪೆಟ್ಟಿಗೆಗಳನ್ನೆಲ್ಲ ಒಂದರ ಮೇಲೊಂದು ಸುಟ್ಟು ತರುತ್ತಿದ್ದ. ಆತ ಯಾಕಿಷ್ಟು ಗಟ್ಟಿಯಾಗಿ ನುಡಿಸಬೇಕೆಂಬುದು ಕಾರ್ಖಾನೆಯಲ್ಲಿ ಕುಳಿತ ಫೆಂಡರರಿಗೆ ತಿಳಿಯಲಿಲ್ಲ. ಕೊನೆಗೊಂದು ರಾತ್ರಿ ಅವರೇ ಸಭಾಂಗಣಕ್ಕೆ ಬಂದು ಜನಸಂದಣಿಯ ನಡುವೆ ನಿಂತು ಕೇಳಿದ ಮೇಲೆ, ಅಷ್ಟು ಮಂದಿಯ ಮೈಗಳು ನಾದವನ್ನು ಹೇಗೆ ಹೀರಿಕೊಳ್ಳುತ್ತವೆಂಬುದು ಅರಿವಾಯಿತೆಂದು ಡೇಲ್ ಮುಂದೆ ಹೇಳಿಕೊಳ್ಳುತ್ತಿದ್ದ. ಅನಂತರ ಬಂದದ್ದೇ ದೊಡ್ಡ ಟ್ರಾನ್ಸ್‌ಫಾರ್ಮರಿನ, ಹದಿನೈದಂಗುಲ ಸ್ಪೀಕರಿನ ಷೋಮನ್. ಮೇಜಿನ ಮುಂದೆ ಕುಳಿತು ಅಳೆದ ಬಲ ಒಂದು. ಸಭೆಯ ಹಿಂದಿನ ಸಾಲಿನಲ್ಲಿ ನಿಂತು ಕೇಳಿದ ಬಲ ಇನ್ನೊಂದು.

ಇಲ್ಲಿ ಒಂದು ಸೋಜಿಗವನ್ನು ಹೇಳಬೇಕು. ಫೆಂಡರರು ಅರಸಿದ್ದು ಶುದ್ಧವಾದ, ಬಿರಿಯದ ದನಿಯನ್ನು. ಪ್ರತಿಯೊಂದು ಹೊಸ ಪೆಟ್ಟಿಗೆಯೂ ಹಿಂದಿನದಕ್ಕಿಂತ ಹೆಚ್ಚು ಗಟ್ಟಿಯಾಗಿಯೂ ಹೆಚ್ಚು ತಿಳಿಯಾಗಿಯೂ ನುಡಿಯಬೇಕೆಂಬುದೇ ಅವರ ಹಂಬಲ. ಆದರೆ ವಾದಕರು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ದನಿ ಬಿರಿಯುವ ಹಂತದಲ್ಲಿಯೇ ಸುಖ ಕಂಡರು. ಶಕ್ತಿ ಮೀರಿ ದುಡಿಸಿದಾಗ ವಾಲ್ವು ನಾದದ ಅಲೆಯ ತಲೆಯನ್ನು ಮೆಲ್ಲಗೆ ಗುಂಡಗೆ ತಗ್ಗಿಸುತ್ತದೆ. ಹಾಗೆ ತಗ್ಗುವಾಗ ಮೂಲ ಸ್ವರದೊಡನೆ ಅದರ ಅನುಸ್ವರಗಳು ಬೆರೆತು ದನಿ ತುಂಬಿಕೊಳ್ಳುತ್ತದೆ. ಮೆಲ್ಲಗೆ ಮೀಟಿದರೆ ತಿಳಿ, ಬಲವಾಗಿ ಮೀಟಿದರೆ ಗರ್ಜನೆ. ಬೆರಳಿನ ಒತ್ತಡಕ್ಕೆ ಪೆಟ್ಟಿಗೆಯೇ ಓಗೊಡುತ್ತದೆ. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲರ ಅಂಗಡಿಯಲ್ಲಿ ತಯಾರಾದ ಮೊದಲ ಆಂಪ್ಲಿಫೈಯರ್, ಫೆಂಡರರ ಬೇಸ್‌ಮನ್ನಿನ ಮಾದರಿಯನ್ನೇ ಅನುಸರಿಸಿ ಕಟ್ಟಿದ್ದು. ಆ ವಂಶದ ಪೆಟ್ಟಿಗೆಗಳ ಮುಂದೆ ನಿಂತು, ಫೆಂಡರರ ಗಿಟಾರನ್ನೇ ಹಿಡಿದು, ಜಿಮಿ ಹೆಂಡ್ರಿಕ್ಸ್ ಜಗತ್ತನ್ನು ಬೆರಗುಗೊಳಿಸಿದ. ತಾನು ತೊಡೆದುಹಾಕಲು ಹೆಣಗಿದ ದೋಷವೇ ಲೋಕಕ್ಕೆ ಗುಣವಾಗಿ ಕಂಡದ್ದು ಶಿಲ್ಪಿಗೆ ಎಂಥ ಅನುಭವವಾಗಿರಬೇಕು! ತೀರ್ಪು ಕೊಡುವುದು ಅಳತೆಯ ಮಾಪಕವಲ್ಲ, ಕಿವಿ.

ಇಷ್ಟರಲ್ಲಿ ಕಾಲ ಬದಲಾಗಿತ್ತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದಕ್ಕಾಗಿ ಬಾರ್ಡೀನ್, ಬ್ರಾಟೈನ್, ಷಾಕ್ಲಿಯವರಿಗೆ 1956ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಗಾಜಿಲ್ಲ, ಕಾಯಿಸುವ ತಂತಿಯಿಲ್ಲ; ಕಾಳಿನಷ್ಟು ಹರಳಿನಲ್ಲಿ ವಾಲ್ವಿನ ಕೆಲಸವೆಲ್ಲ ನಡೆಯುತ್ತದೆ. ಹಾಕಿದೊಡನೆ ದನಿ, ಹಗುರವಾದ ಮೈ, ಕಡಿಮೆ ವಿದ್ಯುತ್ತು, ಆಗಾಗ ಬದಲಿಸುವ ತಾಪತ್ರಯವಿಲ್ಲ. ರೇಡಿಯೋಗಳು ಅಂಗೈಗೆ ಬಂದವು. ಇನ್ನು ವಾಲ್ವಿನ ಕಾಲ ಮುಗಿಯಿತೆಂದು ಎಲ್ಲರೂ ಎಣಿಸಿದ ಹೊತ್ತು ಅದು.

ಅದೇ ಹೊತ್ತಿನಲ್ಲಿ ಫೆಂಡರರ ಮೈ ಸೋತಿತು. ಬಹು ವರ್ಷಗಳಿಂದ ಕಾಡುತ್ತಿದ್ದ ಸೋಂಕು ಅವರನ್ನು ಹಣ್ಣು ಮಾಡಿತ್ತು. ತಾನಿನ್ನು ಹೆಚ್ಚು ಕಾಲ ಬಾಳೆನೆಂದು ನಂಬಿ, ಕಂಪನಿಯನ್ನು 1965ರ ಜನವರಿಯಲ್ಲಿ 1 ಕೋಟಿ 30 ಲಕ್ಷ ಡಾಲರಿಗೆ ಸಿ.ಬಿ.ಎಸ್. ಎಂಬ ಪ್ರಸಾರ ಸಂಸ್ಥೆಗೆ ಮಾರಿದರು. ವಿಧಿಯ ವಿನೋದ ನೋಡಿ: ಮಾರಿದ ಮೇಲೆ ಹೊಸ ವೈದ್ಯರೊಬ್ಬರ ಚಿಕಿತ್ಸೆಯಿಂದ ರೋಗ ವಾಸಿಯಾಯಿತು. ಆರೋಗ್ಯ ಮರಳಿತು, ಕಾರ್ಖಾನೆ ಮರಳಲಿಲ್ಲ. ಹತ್ತು ವರ್ಷ ಅದೇ ವ್ಯಾಪಾರದಲ್ಲಿ ಪ್ರತಿಸ್ಪರ್ಧಿಯಾಗುವುದಿಲ್ಲವೆಂದು ಕರಾರು ಬರೆದುಕೊಟ್ಟಿದ್ದರು. ಕಾರ್ಖಾನೆಯೊಡನೆ ತನ್ನ ಹೆಸರನ್ನೂ ಮಾರಿದ್ದರೆಂಬುದನ್ನು ಮರೆಯಬಾರದು.

ಹೊಸ ಒಡೆಯರು 1966ರಲ್ಲಿ ಆ ಹೆಸರಿನಲ್ಲಿ ಟ್ರಾನ್ಸಿಸ್ಟರಿನ ಆಂಪ್ಲಿಫೈಯರುಗಳನ್ನು ಹೊರತಂದರು. ನೋಡಲು ನವನವೀನ, ಆದರೆ ವೇದಿಕೆಯ ಮೇಲೆ ನಿಲ್ಲಲಿಲ್ಲ. ಅಂದಿನ ಟ್ರಾನ್ಸಿಸ್ಟರುಗಳಿಗೆ ಕಾವು ತಡೆಯುವ ಶಕ್ತಿ ಸಾಲದು. ಸ್ಪೀಕರಿನ ತಂತಿ ಅರೆಗಳಿಗೆ ಒಂದಕ್ಕೊಂದು ತಗುಲಿದರೂ ಸುಟ್ಟುಹೋಗುವ ಅಪಾಯ. ಅಲ್ಲದೆ ಶಕ್ತಿ ಮೀರಿದಾಗ ಅದು ವಾಲ್ವಿನಂತೆ ಅಲೆಯ ತಲೆಯನ್ನು ತಗ್ಗಿಸುವುದಿಲ್ಲ, ಕತ್ತಿಯಿಂದ ಕತ್ತರಿಸುತ್ತದೆ; ಆ ಕಡಿತ ಕಿವಿಗೆ ಒರಟಾಗಿ ತಾಗುತ್ತದೆ. ಫೆಂಡರರ ಬಲಗೈಯಾಗಿ 1954ರಿಂದ ಕಾರ್ಖಾನೆಯನ್ನು ನಡೆಸಿದ್ದ ಫಾರೆಸ್ಟ್ ವೈಟರು, ಈ ಪೆಟ್ಟಿಗೆಗಳು ತನ್ನ ಹಿಂದಿನ ಯಜಮಾನರ ಹೆಸರಿಗೆ ತಕ್ಕವಲ್ಲವೆಂದು ಒಪ್ಪಿಗೆ ಕೊಡದೆ ಕೆಲಸವನ್ನೇ ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಂಪನಿಯೂ ಆ ಮಾದರಿಗಳನ್ನು ಕೈಬಿಟ್ಟಿತು. ತಾನು ಮುಟ್ಟದ ಪೆಟ್ಟಿಗೆಯ ಮೇಲೆ ತನ್ನ ಹೆಸರಿರುವುದನ್ನು ಬದುಕಿದ್ದೇ ನೋಡಬೇಕಾದ ಸ್ಥಿತಿ ಯಾವ ಕುಶಲಕರ್ಮಿಗೂ ಬೇಡ.

ಈ ಹಂತದಲ್ಲಿ ಚರಿತ್ರೆ ಮುಗಿದಿದ್ದರೆ, ವಾಲ್ವೇ ಸತ್ಯ, ಟ್ರಾನ್ಸಿಸ್ಟರ್ ಮಿಥ್ಯೆ ಎಂದು ಹೇಳಿ ನಾನು ಲೇಖನಿಯನ್ನು ಕೆಳಗಿಡಬಹುದಿತ್ತು. ತಂದೆಯವರ ಪಕ್ಷವೂ ಗೆಲ್ಲುತ್ತಿತ್ತು. ಆದರೆ ಫೆಂಡರರು ಹಾಗೆ ಬಗೆಯಲಿಲ್ಲ. ಅರುವತ್ತು ದಾಟಿದ ಆ ಮನುಷ್ಯ, ಕೆಟ್ಟದ್ದು ಟ್ರಾನ್ಸಿಸ್ಟರಲ್ಲ, ಅದನ್ನು ಬಳಸಿದ ಬಗೆ ಎಂದು ಕಂಡವರಂತೆ ಆ ಹರಳನ್ನೇ ಕೈಗೆತ್ತಿಕೊಂಡರು. ಕೆಲಸ ಬಿಟ್ಟುಬಂದ ಅದೇ ವೈಟರೂ ಟಾಮ್ ವಾಕರ್ ಎಂಬವರೂ ಕಟ್ಟಿದ ಹೊಸ ಕಂಪನಿಗೆ ಅವರು ನೆರವಾದರು. 1974ರಲ್ಲಿ ಅದಕ್ಕೆ ಮ್ಯೂಸಿಕ್ ಮ್ಯಾನ್ ಎಂಬ ಹೆಸರು ಬಂದಿತು. ಹತ್ತು ವರ್ಷದ ಕರಾರು ಮುಗಿದ 1975ರಲ್ಲಿ ಫೆಂಡರರು ಅದರ ಅಧ್ಯಕ್ಷರಾದರು. ಆ ಕಂಪನಿಯ ಮೊದಲ ಕೃತಿ, ವಾಕರರೂ ಅವರೂ ಸೇರಿ ರೂಪಿಸಿದ ಸಿಕ್ಸ್‌ಟಿ ಫೈವ್ ಎಂಬ ಆಂಪ್ಲಿಫೈಯರ್. ಅದರ ಮುಂಭಾಗದಲ್ಲಿ, ಗಿಟಾರಿನಿಂದ ಬಂದ ಸಣ್ಣ ವಿದ್ಯುತ್ತನ್ನು ತಿದ್ದಿ ತೀಡುವ ಎಡೆಯಲ್ಲಿ, ಹೊಸ ಕಾಲದ ಹರಳುಗಳು. ಹಿಂಭಾಗದಲ್ಲಿ, ಸ್ಪೀಕರನ್ನು ನೂಕುವ ಭಾರದ ಕೆಲಸಕ್ಕೆ, ಹಳೆಯ ವಾಲ್ವುಗಳು. ಸದ್ದಿಲ್ಲದೆ ಚೊಕ್ಕಟವಾಗಿ ಮಾಡಬೇಕಾದದ್ದನ್ನು ಕಿರಿಯನಿಗೂ, ಬಳುಕುತ್ತ ಹೊರಬೇಕಾದದ್ದನ್ನು ಹಿರಿಯನಿಗೂ ಹಂಚಿಕೊಟ್ಟರು.

ನಮ್ಮ ತಂದೆಯವರು ಚಪ್ಪರದ ಮೆಟ್ಟಿಲಿಳಿದು ಬಂದದ್ದು ಇದೇ 1974ರಲ್ಲಿ. ಈ ಎರಡು ಸಂಗತಿಗಳು ಒಂದೇ ವರ್ಷದಲ್ಲಿ ನಡೆದುವೆಂದು ತಿಳಿದ ದಿನ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿಟ್ಟು ಕುಳಿತಿದ್ದೆ.

ಟ್ರಾನ್ಸಿಸ್ಟರೂ ಮುಂದೆ ತನ್ನ ಮರ್ಯಾದೆಯನ್ನು ತಾನೇ ಗಳಿಸಿತು. ಜಪಾನಿನ ರೋಲೆಂಡ್ ಕಂಪನಿ 1975ರಲ್ಲಿ ಹೊರತಂದ ಜಾಝ್ ಕೋರಸ್ ಎಂಬ ಪೆಟ್ಟಿಗೆಯಲ್ಲಿ ಒಂದೂ ವಾಲ್ವಿಲ್ಲ. ಅದರ ತಿಳಿಯಾದ ದನಿಗೆ ಮರುಳಾದವರು ಅಸಂಖ್ಯ. ಬ್ಲೂಸ್ ಸಂಗೀತದ ಹಿರಿಯ ಬಿ. ಬಿ. ಕಿಂಗರು ವೇದಿಕೆಗಳಲ್ಲಿ ಬಹುಕಾಲ ನುಡಿಸಿದ್ದು ಲ್ಯಾಬ್ ಸೀರೀಸ್ ಎಂಬ ಟ್ರಾನ್ಸಿಸ್ಟರಿನ ಪೆಟ್ಟಿಗೆಯ ಮೂಲಕವೇ. ಅವರ ನಾದಕ್ಕೆ ಜೀವವಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಫೆಂಡರರು 1979ರಲ್ಲಿ ಎಸ್ತರರನ್ನು ಕಳೆದುಕೊಂಡರು. ಮರುವರ್ಷ ಫಿಲ್ಲಿಸ್ ಎಂಬಾಕೆಯನ್ನು ವಿವಾಹವಾದರು. ಹಳೆಯ ಸಂಗಾತಿ ಜಾರ್ಜ್ ಫುಲ್ಲರ್ಟನ್ನರೊಡನೆ ಜಿ ಅಂಡ್ ಎಲ್ ಎಂಬ ಮೂರನೆಯ ಕಂಪನಿಯನ್ನು ಕಟ್ಟಿದರು. ಕಂಪವಾತದಿಂದ ಕೈ ನಡುಗುತ್ತಿದ್ದರೂ ದಿನವೂ ಕೆಲಸದ ಮೇಜಿಗೆ ಬರುವುದನ್ನು ಬಿಡಲಿಲ್ಲ. 1991ರ ಮಾರ್ಚ್ 21ರಂದು ತೀರಿಕೊಂಡರು. ಹಿಂದಿನ ದಿನವೂ ಕಾರ್ಖಾನೆಯಲ್ಲಿದ್ದರು. ಅವರ ಹೆಸರಿನ ಕಂಪನಿಯನ್ನು 1985ರಲ್ಲಿ ಅದರ ನೌಕರರೇ ಸೇರಿ 1 ಕೋಟಿ 25 ಲಕ್ಷ ಡಾಲರಿಗೆ ಬಿಡಿಸಿಕೊಂಡಿದ್ದರು. ಇಪ್ಪತ್ತು ವರ್ಷಗಳಲ್ಲಿ ಒಡೆತನ ಕೈ ಬದಲಾಯಿಸಿ, ಬೆಲೆ ಐದು ಲಕ್ಷ ಇಳಿದಿತ್ತು. ಹೆಸರಿನ ಬೆಲೆ ಮಾತ್ರ ಇಳಿಯಲಿಲ್ಲ. ಇಂದು ಅದೇ ಕಂಪನಿ ವಾಲ್ವಿನ ಟ್ವಿನ್ ರಿವರ್ಬನ್ನೂ, 2019ರಿಂದ ಅದರ ದನಿಯನ್ನು ಅಂಕಿಗಳ ಲೆಕ್ಕದಲ್ಲಿ ಅನುಕರಿಸುವ ವಾಲ್ವಿಲ್ಲದ ಟ್ವಿನ್ ರಿವರ್ಬನ್ನೂ ಮಾಡುತ್ತದೆ. ಮೊದಲನೆಯದರ ತೂಕ ಸುಮಾರು 29 ಕಿಲೋ. ಎರಡನೆಯದರದು ಅದರ ಅರ್ಧ.

ಇದನ್ನೆಲ್ಲ ಹೇಳಿದ ಮೇಲೆ ಸೋದರಳಿಯನಿಗೆ ನಾನು ತೀರ್ಪು ಕೊಡಲಿಲ್ಲ. ಕೆಲವು ಪ್ರಶ್ನೆಗಳನ್ನು ಕೊಟ್ಟೆ. ನೀನು ನುಡಿಸುವ ಸಭೆ ಎಷ್ಟು ದೊಡ್ಡದು? ವಾಲ್ವಿನ ಪೆಟ್ಟಿಗೆ ಸೊಗಸಾಗಿ ನುಡಿಯುವುದು ಅದನ್ನು ಗಟ್ಟಿಯಾಗಿ ದುಡಿಸಿದಾಗ. ಪುಟ್ಟ ಕೋಣೆಯಲ್ಲಿ ದೊಡ್ಡ ಪೆಟ್ಟಿಗೆಯ ಬಾಯಿ ಮುಚ್ಚಿಸಿಟ್ಟರೆ ಅದರ ಗುಣ ಹೊರಬಾರದು. ವ್ಯಾಟುಗಳ ಅಂಕಿಗೂ ಮರುಳಾಗಬೇಡ. ಕಿವಿಗೆ ಇಮ್ಮಡಿ ಗಟ್ಟಿಯೆನಿಸಬೇಕಾದರೆ ಸುಮಾರು ಹತ್ತು ಪಟ್ಟು ಬಲ ಬೇಕು. ಪೆಟ್ಟಿಗೆಯನ್ನು ಹೊರುವವರು ಯಾರು, ಬಸ್ಸೋ ಕಾರೋ? ನಿನ್ನ ದನಿಗೆ ಬಿರಿತ ಬೇಕೋ, ತಿಳಿ ಬೇಕೋ? ಅಮೆರಿಕದ ವಿದ್ಯುತ್ತಿಗೆಂದು ಮಾಡಿದ ಪೆಟ್ಟಿಗೆಯನ್ನು ನಮ್ಮ 230 ವೋಲ್ಟಿಗೆ ಚುಚ್ಚಿದರೆ ಅಲ್ಲಿಗೇ ಮುಗಿಯಿತು, ಇದನ್ನು ನೋಡಿಕೊಂಡೆಯಾ? ವಾಲ್ವು ಸವೆಯುತ್ತದೆ, ಬಿಡಿ ವಾಲ್ವು ಕೈಚೀಲದಲ್ಲಿರಬೇಕು. ಸ್ಪೀಕರ್ ಜೋಡಿಸದೆ ಅದನ್ನು ಹಾಕಬಾರದು. ಒಳಗೆ 400 ವೋಲ್ಟಿಗೂ ಮಿಕ್ಕ ವಿದ್ಯುತ್ತು ಆರಿಸಿದ ಮೇಲೂ ಅಡಗಿ ಕುಳಿತಿರುತ್ತದೆ. ತಿಳಿಯದವರು ಕೈಹಾಕಿದರೆ ಜೀವಕ್ಕೇ ಸಂಚಕಾರ. ಕೊನೆಯದಾಗಿ, ಕೆಟ್ಟರೆ ರಿಪೇರಿ ಮಾಡುವವರು ನಿನ್ನ ಊರಿನಲ್ಲಿ ಇದ್ದಾರೆಯೇ? ಇವಕ್ಕೆಲ್ಲ ಉತ್ತರ ಕಂಡುಕೊಂಡು, ನಿನ್ನದೇ ಗಿಟಾರನ್ನು ಹಿಡಿದುಹೋಗಿ, ವೇದಿಕೆಯಲ್ಲಿ ನುಡಿಸುವಷ್ಟೇ ಗಟ್ಟಿಯಾಗಿ ನುಡಿಸಿ, ಹತ್ತು ಹೆಜ್ಜೆ ದೂರ ನಿಂತು ಕೇಳುವ ಗೆಳೆಯನೊಬ್ಬನ ಕಿವಿಯನ್ನೂ ನಂಬು ಎಂದೆ.

ಅವನು ಟ್ರಾನ್ಸಿಸ್ಟರಿನದನ್ನೇ ಕೊಂಡ. ತಂಡದಲ್ಲಿ ಯಾರಿಗೂ ಕಾರಿಲ್ಲ. ಅವರು ನುಡಿಸುವ ಜಾಗಗಳು ಚಿಕ್ಕವು. ದೊಡ್ಡ ಸಭೆಯಾದರೆ ಪೆಟ್ಟಿಗೆಯ ಮುಂದೆ ಮೈಕು ಇಡುತ್ತಾರೆ. ವಾಲ್ವಿನ ಪಂಗಡದ ಗೆಳೆಯರು ಮೊದಲು ಮೂಗು ಮುರಿದರಂತೆ. ಕಳೆದ ತಿಂಗಳು ಅವರ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ವೇದಿಕೆಯ ಪಕ್ಕದಲ್ಲಿಯೇ ಕುರ್ಚಿ ಹಾಕಿಕೊಟ್ಟಿದ್ದರಿಂದ ಪೆಟ್ಟಿಗೆಯ ಬೆನ್ನು ನನಗೆ ಕಾಣುತ್ತಿತ್ತು. ಹಳೆಯ ರೂಢಿಯಂತೆ ಕಣ್ಣು ತಾನಾಗಿ ಅಲ್ಲಿ ಕೆಂಪು ಬೆಳಕನ್ನು ಹುಡುಕಿತು. ಬೆಳಕಿರಲಿಲ್ಲ. ಹುಡುಗ ತಂತಿ ಮೀಟಿದ. ನಾದ ಚೆನ್ನಾಗಿತ್ತು.

ನಮ್ಮ ತಂದೆಯವರು ವಾಲ್ವನ್ನು ಪ್ರೀತಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇನ್ನೊಂದು ಪೆಟ್ಟಿಗೆಯ ಮುಚ್ಚಳವನ್ನು ಅಷ್ಟು ಬೇಗ ಹಾಕಿಬಿಡಬಾರದಿತ್ತು, ಅಷ್ಟೆ. ಅವರ ಕೈಗೆ ಅದನ್ನು ಕಲಿಯುವ ಶಕ್ತಿಯಿತ್ತೆಂದು ನಾನು ಇಂದಿಗೂ ನಂಬಿದ್ದೇನೆ.